ಕಾರು ರೇಸ್ ಟ್ರ್ಯಾಕಿಗೆ ಒಯ್ಯಬೇಕಾ? ಸೈಲೆನ್ಸರ್ ಬಿಡ್ರಿ, ಮೊದ್ಲು ಬ್ರೇಕ್ ಆಯಿಲ್ ನೋಡ್ರಿ

ಐಹೊಳೆ: ಭಾನುವಾರ ಬೆಳಿಗ್ಗೆ ಆರೂವರೆಗೆ ಅಮೀನಗಡ ಕಡೆಯಿಂದ ಐಹೊಳೆಗೆ ಬರುವ ರಸ್ತೆಯಲ್ಲಿ ನಿಂತರೆ, ಗಾಡಿ ಕಾಣುವ ಮೊದಲೇ ಸೈಲೆನ್ಸರ್ ಸಪ್ಪಳ ಕೇಳುತ್ತದೆ. ಇಳಕಲ್, ಹುನಗುಂದ ಕಡೆಯ ಹುಡುಗರು. ಎರಡು ಸ್ವಿಫ್ಟ್, ಒಂದು ಪೋಲೊ, ಒಂದೊಂದು ವಾರ ಒಂದು ಥಾರ್. ದುರ್ಗಾ ಗುಡಿ ಹತ್ತಿರ ನಿಂತು ರೀಲ್ಸ್ ಮಾಡ್ತಾರೆ, ಚಹಾ ಕುಡೀತಾರೆ, ಮತ್ತ ಅದೇ ವೇಗದಾಗ ವಾಪಸ್. ಚಹಾದಂಗಡಿ ಅಜ್ಜ ಈಗ ಬೆಂಚನ್ನು ರಸ್ತೆಯಿಂದ ನಾಲ್ಕು ಅಡಿ ಒಳಗೆ ಹಾಕಿದ್ದಾರೆ. "ಗುಡಿ ಸಾವಿರದ ಮುನ್ನೂರು ವರ್ಷದಿಂದ ನಿಂತಾವ ತಮ್ಮಾ, ಎರಡು ನಿಮಿಷ ತಡಾ ಆದ್ರ ಎಲ್ಲಿಗೆ ಓಡಿ ಹೋಗ್ತಾವ?" ಅಂತ ಅವರು ಒಬ್ಬ ಹುಡುಗನಿಗೆ ಕೇಳಿದ್ದು ನಾನೇ ಕೇಳಿಸಿಕೊಂಡೆ. ಹುಡುಗ ನಕ್ಕು ಗಾಡಿ ಹತ್ತಿದ.

ಆ ಗುಂಪಿನಲ್ಲೇ ಒಬ್ಬ ನನ್ನ ಗೆಳೆಯ. ಇಳಕಲ್ಲಿನ ಗ್ರಾನೈಟ್ ವ್ಯಾಪಾರದ ಮನೆಯವ. ಸೆಕೆಂಡ್ ಹ್ಯಾಂಡ್ ಪೋಲೊ ಇದೆ. ಅವನು ಈಗ ಐಹೊಳೆ ರಸ್ತೆಯಲ್ಲಿ ಜೋರು ಓಡಿಸೋದಿಲ್ಲ. ಯಾಕಂದ್ರ ಒಂದು ಸಲ ನಿಜವಾದ ರೇಸ್ ಟ್ರ್ಯಾಕಿಗೆ ಹೋಗಿ ಬಂದ, ಅಲ್ಲಿ ಅವನ ಬ್ರೇಕ್ ಪೆಡಲ್ ನೆಲ ಮುಟ್ಟಿತು. ಅವನ ಜೊತೆ ನಾನೂ ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ಹತ್ತಾರು ಹುಡುಗರು ಫೋನ್ ಮಾಡಿ "ಕಾರು ಟ್ರ್ಯಾಕಿಗೆ ರೆಡಿ ಮಾಡೋದು ಹೆಂಗಲೇ?" ಅಂತ ಕೇಳಿದ್ರು. ಎಲ್ಲರಿಗೂ ಒಂದೇ ಸಲ ಹೇಳಿಬಿಡ್ತೀನಿ. ಗ್ಯಾರೇಜಿನವರು, ಸ್ಪೇರ್ ಪಾರ್ಟ್ಸ್ ಅಂಗಡಿಯವರೂ ಓದ್ರಿ, ನಿಮ್ಮ ಕೆಲಸಾನೂ ಇದರಾಗ ಐತಿ.

ಟ್ರ್ಯಾಕ್ ಡೇ ಅಂದ್ರ ರೇಸ್ ಅಲ್ಲ

ಮೊದಲು ಇದು ತಿಳಿಯಬೇಕು. ಟ್ರ್ಯಾಕ್ ಡೇ ದಿನ ಯಾರೂ ಫಸ್ಟ್, ಸೆಕೆಂಡ್ ಬರೋದಿಲ್ಲ, ಕಪ್ ಕೊಡೋದಿಲ್ಲ. ಫೀಸ್ ಕಟ್ಟಿ, ನಿಮ್ಮದೇ ಕಾರು ಒಯ್ದು, ರೇಸಿಗಾಗಿ ಕಟ್ಟಿದ ರಸ್ತೆಯಲ್ಲಿ ಓಡಿಸುತ್ತೀರಿ. ಹೊಸಬರದು ಒಂದು ಗುಂಪು, ಅನುಭವ ಇದ್ದವರದು ಇನ್ನೊಂದು. ಸಾಮಾನ್ಯವಾಗಿ ಒಂದು ಗುಂಪಿಗೆ 15ರಿಂದ 20 ನಿಮಿಷ ಬಿಡುತ್ತಾರೆ, ಹೊರಗೆ ಕರೆದು ಮುಂದಿನ ಗುಂಪು ಬಿಡುತ್ತಾರೆ. ಎದುರಿನಿಂದ ಗಾಡಿ ಬರೋದಿಲ್ಲ, ಕುರಿ ಅಡ್ಡ ಬರೋದಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಲೈಟಿಲ್ಲದೆ ನಿಂತಿರೋದಿಲ್ಲ. ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ. ತಪ್ಪಿ ಹೊರಗೆ ಹೋದರೆ ಜಾಗ ಇರುತ್ತದೆ.

ನಮ್ಮ ಕಡೆಯಿಂದ ಹೋಗೋರಿಗೆ ತಮಿಳುನಾಡಿನಲ್ಲಿ ಟ್ರ್ಯಾಕ್‌ಗಳಿವೆ. ಒಂದು ಚೆನ್ನೈ ಹತ್ತಿರ ಶ್ರೀಪೆರಂಬುದೂರು ಕಡೆ ಇರುಂಗಾಟುಕೋಟೈನದ್ದು, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು, ಸುಮಾರು 3.7 ಕಿ.ಮೀ. ಉದ್ದ. ಇನ್ನೊಂದು ಕೊಯಮತ್ತೂರು ಹತ್ತಿರ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ನಾವು ಹೋಗಿದ್ದು ಕೊಯಮತ್ತೂರಿಗೆ. ಆ ಟ್ರ್ಯಾಕಿಗೆ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ನಮ್ಮ ಅಪ್ಪಂದಿರು ಓಡಿಸಿದ ಮಾರುತಿ 800 ಇದೆಯಲ್ಲ, ಅದರ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರು ಮಾಡಿದವರು ಅವರೇ. ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಕೂಡ ಅಂಥ ಮಾರುತಿ ಎಂಜಿನ್ ಕಾರಿನ ರೇಸುಗಳಿಂದ ಮೇಲೆ ಬಂದವರು. ಹಂಗಾಗಿ "ನಮ್ಮದು ಸಣ್ಣ ಕಾರು" ಅಂತ ನಾಚಿಕೆ ಪಡೋ ಕಾರಣ ಇಲ್ಲ. ಅಲ್ಲಿ ಒಂದೂವರೆ ಕೋಟಿಯ ಸ್ಪೋರ್ಟ್ಸ್ ಕಾರೂ ಬರುತ್ತೆ, ಹಳೆ ಸ್ವಿಫ್ಟೂ ಬರುತ್ತೆ. ಎರಡಕ್ಕೂ ತಯಾರಿ ಒಂದೇ.

ಪೆಡಲ್ ಯಾಕ ಇಳೀತು?

ಗೆಳೆಯ ಹೋಗೋ ಮೊದಲು ತಿಂಗಳಗಟ್ಟಲೆ ತಯಾರಿ ಮಾಡಿದ್ದ. ಹೊಸ ಸೈಲೆನ್ಸರ್, ಹೊಸ ಏರ್ ಫಿಲ್ಟರ್, ಬಾನೆಟ್ ಮೇಲೆ ಕೆಂಪು ಪಟ್ಟಿ, ಹಿಂದೆ ರೆಕ್ಕೆ. ಮೂವತ್ತು ಸಾವಿರದ ಮೇಲೆ ಖರ್ಚು. ಬ್ರೇಕಿಗೆ ಖರ್ಚು ಮಾಡಿದ್ದು ಸೊನ್ನೆ. "ಬ್ರೇಕ್ ಛಲೋ ಐತಿ, ಹೈವೇದಾಗ ನೂರಾ ಇಪ್ಪತ್ತರಾಗ ಹಿಡೀತೈತಿ" ಅಂದಿದ್ದ. ಅದು ಸುಳ್ಳೂ ಅಲ್ಲ.

ಮೊದಲ ಮೂರು ಸುತ್ತು ಚೆನ್ನಾಗಿ ಓಡಿತು. ನಾಲ್ಕನೇ ಸುತ್ತಿಗೆ ಪೆಡಲ್ ಸ್ವಲ್ಪ ಮೆತ್ತಗಾಯ್ತಂತೆ. ಐದನೆಯದಕ್ಕೆ ಉದ್ದದ ದಾರಿ ಮುಗಿಯೋ ತಿರುವಿನಲ್ಲಿ ಕಾಲಿಟ್ಟರೆ ಪೆಡಲ್ ಸೀದಾ ಕೆಳಗೆ. ಎರಡು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಕಾರು ಡಾಂಬರು ಬಿಟ್ಟು ಮಣ್ಣಿಗೆ ಇಳಿದು ನಿಂತಿತು. ಏನೂ ಆಗಲಿಲ್ಲ, ಒಂದು ಬಂಪರ್ ಕ್ಲಿಪ್ ಹೋಯ್ತು ಅಷ್ಟೆ. ಹೊರಗೆ ನಿಂತ ನನ್ನ ಕಾಲು ಮಾತ್ರ ನಡುಗುತ್ತಿತ್ತು. ಅದೇ ತಿರುವು ಐಹೊಳೆ ರಸ್ತೆಯಲ್ಲಿದ್ದಿದ್ದರೆ ಮಣ್ಣಿನ ಜಾಗದಲ್ಲಿ ಚಹಾದಂಗಡಿ ಇರ್ತಿತ್ತು.

ಇಳಕಲ್ಲಿಗೆ ಬಂದ ಮೇಲೆ ನಮ್ಮ ಗ್ಯಾರೇಜ್ ಕಾಕಾ ಡಬ್ಬಿ ಮುಚ್ಚಳ ತೆಗೆದು ನೋಡಿದ್ರು. ಬ್ರೇಕ್ ಆಯಿಲ್ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. "ಇದನ್ನ ಕೊನೀ ಸಲ ಯಾವಾಗ ಬದಲ್ ಮಾಡ್ಸೀಯೋ ತಮ್ಮಾ?" ಗೆಳೆಯನಿಗೆ ಗೊತ್ತಿಲ್ಲ. ಹಿಂದಿನ ಮಾಲೀಕನಿಗೂ ಗೊತ್ತಿರಲಿಕ್ಕಿಲ್ಲ.

ಈಗ ಕಾರಣ ಕೇಳ್ರಿ. ಬಿಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟವ ನಾನು, ಆದರೂ ಈ ಒಂದು ಲೆಕ್ಕ ತಲೆಯಲ್ಲಿ ಉಳಿದಿದೆ. ಬ್ರೇಕ್ ಅಂದ್ರೆ ವೇಗವನ್ನು ಶಾಖ ಮಾಡೋ ಯಂತ್ರ. ಕಾರು, ಚಾಲಕ ಸೇರಿ 1,100 ಕಿಲೋ ಅಂತ ಇಟ್ಟುಕೊಳ್ಳಿ. ಗಂಟೆಗೆ 120 ಕಿ.ಮೀ.ನಿಂದ 60ಕ್ಕೆ ಒಂದು ಸಲ ಇಳಿಸಿದರೆ ಹುಟ್ಟುವ ಶಾಖದಲ್ಲಿ ಒಂದೂವರೆ ಲೀಟರ್ ತಣ್ಣೀರು ಕುದಿಯೋ ಹಂತಕ್ಕೆ ಬರುತ್ತದೆ. ಅಂದ್ರೆ ಒಂದು ತಪೇಲಿ ಚಹಾ. ಹೈವೇಯಲ್ಲಿ ಅಂಥ ಬ್ರೇಕ್ ಹತ್ತು ಕಿಲೋಮೀಟರಿಗೆ ಒಮ್ಮೆ ಹಾಕಿದರೆ ಹೆಚ್ಚು, ನಡುವೆ ಗಾಳಿಗೆ ಆರುತ್ತದೆ. ಟ್ರ್ಯಾಕಿನಲ್ಲಿ ಎರಡು ಕಿಲೋಮೀಟರಿನ ಒಳಗೆ ಎಷ್ಟೋ ಸಲ ಬ್ರೇಕ್, ಮುಂದಿನ ಸುತ್ತಿಗೆ ಮತ್ತೆ ಅಷ್ಟೇ ಸಲ, ಹದಿನೈದು ನಿಮಿಷ ಬಿಡುವಿಲ್ಲದೆ. ಅದರಲ್ಲೂ ಬಹಳಷ್ಟು ಭಾರ ಮುಂದಿನ ಎರಡು ಚಕ್ರದ ಮೇಲೆ, ಯಾಕಂದ್ರ ಬ್ರೇಕ್ ಹಾಕಿದಾಗ ಕಾರು ಮೂಗು ಬಾಗಿಸುತ್ತದೆ.

ಇನ್ನು ಬ್ರೇಕ್ ಆಯಿಲ್. ಇದಕ್ಕೊಂದು ಕೆಟ್ಟ ಚಾಳಿ ಇದೆ, ಗಾಳಿಯಲ್ಲಿನ ನೀರನ್ನು ಕುಡಿಯುತ್ತದೆ. ಡಾಟ್ 4 ಅಂತ ಬರೆದ ಹೊಸ ಆಯಿಲ್ ಕುದಿಯೋದು ಕನಿಷ್ಠ 230 ಡಿಗ್ರಿಗೆ. ಅದೇ ಆಯಿಲ್ ಶೇ 3.7ರಷ್ಟು ನೀರು ಕುಡಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ ಹೊಸದು 205, ನೀರು ಕುಡಿದದ್ದು 140. ಕುದಿದರೆ ಒಳಗೆ ಗುಳ್ಳೆ. ದವಾಖಾನೆ ಸಿರಿಂಜಿನಲ್ಲಿ ಪೂರ್ತಿ ನೀರು ತುಂಬಿ ತುದಿಗೆ ಬೆರಳಿಟ್ಟು ಒತ್ತಿ ನೋಡ್ರಿ, ಅಲ್ಲಾಡೋದಿಲ್ಲ. ಸ್ವಲ್ಪ ಗಾಳಿ ಬಿಟ್ಟು ಒತ್ತಿ ನೋಡ್ರಿ, ಒಳಗೆ ಹೋಗುತ್ತದೆ. ನಿಮ್ಮ ಕಾಲಿನ ಬಲ ಆ ಗುಳ್ಳೆಯನ್ನು ಅಮುಕೋದಕ್ಕೇ ಮುಗಿಯುತ್ತದೆ, ಚಕ್ರದವರೆಗೆ ಹೋಗೋದೇ ಇಲ್ಲ.

ಹಂಗಾದ್ರ ಏನು ಮಾಡಬೇಕು? ಹೋಗೋ ಒಂದು ವಾರ ಮೊದಲು ಹಳೆ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಡಬ್ಬಿಯಲ್ಲಿ ಮೇಲೆ ಮೇಲೆ ಟಾಪ್ ಅಪ್ ಮಾಡಿದರೆ ಆಗೋದಿಲ್ಲ, ಕುದಿಯೋದು ಕೆಳಗೆ ಚಕ್ರದ ಹತ್ತಿರದ ಆಯಿಲ್. ನಾಲ್ಕೂ ಚಕ್ರದ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಒಬ್ಬರು ಒಳಗೆ ಕೂತು "ಒತ್ತು, ಹಿಡಿ, ಬಿಡು" ಅಂದಂಗೆ ಮಾಡಿ, ಗುಳ್ಳೆ ನಿಂತು ಬಣ್ಣ ತಿಳಿಯಾಗುವವರೆಗೆ ಇಳಿಸಬೇಕು. ಒಂದು ಲೀಟರ್ ಸಾಕು. ನಿಮ್ಮ ಕಾರಿನ ಮುಚ್ಚಳದ ಮೇಲೆ ಡಾಟ್ 4 ಅಂತಿದ್ದರೆ ಡಾಟ್ 4 ಅಥವಾ 5.1 ಹಾಕಬಹುದು. ಡಾಟ್ 5 ಅಂತ ಬರೀ ಐದು ಇದ್ದರೆ ಅದು ಸಿಲಿಕಾನಿನದು, ಬೇರೆ ಜಾತಿ, ಮಿಕ್ಸ್ ಮಾಡಲೇಬ್ಯಾಡ್ರಿ. 5ಕ್ಕೂ 5.1ಕ್ಕೂ ಒಂದು ಚುಕ್ಕಿಯ ಫರಕು ಅಂತ ಅಂಗಡಿಯಲ್ಲಿ ಅದಲುಬದಲಾಗುವ ಸಾಧ್ಯತೆ ಇದೆ, ಕಣ್ಣಾರೆ ಓದಿ ತಗೊಳ್ಳಿ.

ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಹೊಸ ಪ್ಯಾಡ್ ಹಾಕಿಸಿದರೆ ಸೀದಾ ಟ್ರ್ಯಾಕಿಗೆ ಒಯ್ಯಬೇಡಿ, ಊರಲ್ಲಿ ಕೆಲವು ದಿನ ಓಡಿಸಿ ಡಿಸ್ಕಿಗೆ ಕೂರಲಿ. ತೆರಬಂಡಿಗೆ ಎತ್ತು ಇಳಿಸೋರು ಹೊಸ ಲಾಳ ಹೊಡೆಸಿ ಅದೇ ದಿನ ಕಣಕ್ಕೆ ಬಿಡ್ತಾರೇನು?

ಟೈರ್ ಮತ್ತು ಹವಾ

ನಮ್ಮ ಬಿಸಿಲಿಗೆ ಟೈರ್ ಸವೆಯುವ ಮೊದಲೇ ಒಡಕು ಬಿಡುತ್ತದೆ. ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರ್ತಾವ. 3521 ಅಂತಿದ್ದರೆ 2021ರ 35ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದು, ಪಕ್ಕ ಸೀಳಿದ್ದು, ಪಕ್ಕದಲ್ಲಿ ಪಂಕ್ಚರ್ ಹಾಕಿಸಿದ್ದು, ರಬ್ಬರ್ ಹತ್ತಿಸಿದ್ದು ಇದ್ದರೆ ಆ ಟೈರಿನ ಮೇಲೆ ಹೋಗಬೇಡಿ. ವೇಗದ ಅಕ್ಷರವೂ ನೋಡಿ. ಎಸ್ ಅಂದ್ರೆ 180, ಟಿ ಅಂದ್ರೆ 190, ಎಚ್ ಅಂದ್ರೆ 210 ಕಿ.ಮೀ.

ಹವಾ ವಿಷಯಕ್ಕೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಜೋರು ಓಡಿಸೋದಾದ್ರೆ 40 ತುಂಬಿಸು ಅಂತ. ಬೇಡ. ಬೆಳಿಗ್ಗೆ ತಣ್ಣಗಿದ್ದಾಗ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿನ ಅಂಕಿ ಇಟ್ಟು ಶುರು ಮಾಡಿ. ಐದಾರು ಸುತ್ತಿಗೆ ಟೈರ್ ಕಾದು ಐದಾರು ಪಾಯಿಂಟ್ ತಾನೇ ಏರುತ್ತದೆ. ಹೆಚ್ಚು ಏರಿದರೆ ನಡುಭಾಗ ಉಬ್ಬಿ ಹಿಡಿತ ಕಡಿಮೆ, ಆಗ ಹೊರಗೆ ಬಂದು ಸ್ವಲ್ಪ ಇಳಿಸುತ್ತಾರೆ. ಇಳಿಸಿದ್ದನ್ನು ಸಂಜೆ ಮತ್ತೆ ತುಂಬಿಸದೆ ಹೈವೇಗೆ ಹತ್ತಬಾರದು. ಮುನ್ನೂರು ರೂಪಾಯಿಯ ಸ್ವಂತ ಗೇಜ್ ಒಂದು ಜೇಬಿನಲ್ಲಿರಲಿ, ಪಂಕ್ಚರ್ ಅಂಗಡಿಯ ಗೇಜುಗಳು ಒಂದೊಂದು ಒಂದೊಂದು ಹೇಳ್ತಾವ.

ವೀಲ್ ನಟ್ ಬಗ್ಗೆ ಪಂಕ್ಚರ್ ಅಂಗಡಿ ಅಣ್ಣಂದಿರಿಗೂ ಒಂದು ಮಾತು. ಪಾನಾ ಮೇಲೆ ಹತ್ತಿ ನಿಂತು ತುಳಿದು ಬಿಗಿ ಮಾಡಿದರೆ ಗಟ್ಟಿ ಅನ್ನೋದು ಖರೆ ಅಲ್ಲ. ಬೋಲ್ಟ್ ಎಳೆದು ಸೋಲುತ್ತದೆ. ಎಷ್ಟು ಬಿಗಿ ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ, ಟಾರ್ಕ್ ರೆಂಚಿನಲ್ಲಿ ಅಷ್ಟಕ್ಕೇ ಬಿಗಿ ಮಾಡಬೇಕು. ಮೊದಲ ಗುಂಪಿನ ಓಟ ಮುಗಿದು, ಚಕ್ರ ಆರಿದ ಮೇಲೆ ಇನ್ನೊಮ್ಮೆ ನೋಡಬೇಕು.

ಎಂಜಿನ್ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಎಂಜಿನ್ ಆಯಿಲ್ ಹೊಸದು, ಮಟ್ಟ ಮೇಲಿನ ಗೆರೆ ಹತ್ತಿರ, ಗೆರೆ ದಾಟಬಾರದು. ರೇಡಿಯೇಟರಿನಲ್ಲಿ ಬೋರ್ ನೀರು ಇದ್ದರೆ ತೆಗೆಸಿ ಕೂಲಂಟ್ ಹಾಕಿಸಿ. ಬ್ಯಾಟರಿ ಅಲ್ಲಾಡಬಾರದು. ಎಲ್ಲೂ ಆಯಿಲ್ ಸೋರಬಾರದು, ಯಾಕಂದ್ರ ನಿಮ್ಮ ಒಂದು ಹನಿಗೆ ಹಿಂದೆ ಬರೋನು ಜಾರ್ತಾನ. ಸೋರುವ ಗಾಡಿಯನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ.

ಕಾರು ಖಾಲಿ ಮಾಡ್ರಿ

ಇದಕ್ಕೆ ರೂಪಾಯಿ ಖರ್ಚಿಲ್ಲ, ಆದರೂ ಎಲ್ಲರೂ ಮರೀತಾರೆ. ಸ್ಟೆಪ್ನಿ, ಜಾಕಿ, ಪಾನಾ, ನೀರಿನ ಬಾಟಲಿ, ಸ್ಪೀಕರ್ ಡಬ್ಬ, ಡ್ಯಾಶ್‌ಬೋರ್ಡಿನ ಗಣಪ, ಕನ್ನಡಿಗೆ ಕಟ್ಟಿದ ಮಾಲೆ, ಎಲ್ಲಾ ಹೊರಗೆ. ಗಣಪನನ್ನು ತೆಗೆಯೋಕೆ ಗೆಳೆಯನ ಅವ್ವ ಒಪ್ಪಲಿಲ್ಲ. ಕಡೆಗೆ ನನ್ನ ಅಂಗಿ ಜೇಬಿನಲ್ಲಿಟ್ಟುಕೊಂಡು ಟ್ರ್ಯಾಕಿನ ಹೊರಗೆ ನಿಂತೆ. ಭಕ್ತಿ ಬೇರೆ, ಆದ್ರ ನೂರರಲ್ಲಿ ಬ್ರೇಕ್ ಹಾಕಿದಾಗ ಅಂಟು ಬಿಟ್ಟರೆ ಕಲ್ಲಿನ ಮೂರ್ತಿ ಎಲ್ಲಿಗೆ ಹಾರುತ್ತದೆ ಯೋಚನೆ ಮಾಡ್ರಿ. ಎಲ್ಲಕ್ಕಿಂತ ಅಪಾಯ ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಮತ್ತು ಉರುಳಾಡೋ ಬಾಟಲಿ. ಬಾಟಲಿ ಪೆಡಲ್ ಕೆಳಗೆ ಸೇರಿದರೆ ಬ್ರೇಕ್ ಒತ್ತೋಕೇ ಆಗಲ್ಲ. ಮ್ಯಾಟ್ ತೆಗೆದು ಡಿಕ್ಕಿಯಲ್ಲಿ ಇಡಬೇಡಿ, ಶೆಡ್ಡಿನಲ್ಲೇ ಇಟ್ಟು ಹೋಗಿ.

ಟೋಯಿಂಗ್ ಹುಕ್ ಮಾತ್ರ ಟೂಲ್ ಚೀಲದಿಂದ ತೆಗೆದು ಮೊದಲೇ ಹಾಕಿಡಿ. ಮಣ್ಣಿನಲ್ಲಿ ಸಿಕ್ಕಿಬಿದ್ದಾಗ ಅದನ್ನು ಹುಡುಕುತ್ತಾ ಕೂತರೆ ಹಿಂದಿನವರೆಲ್ಲಾ ಕಾಯಬೇಕು. ನಮಗೆ ಗೊತ್ತಾಗಿದ್ದು ಹಂಗೇ.

ಓಡಿಸುವವನ ತಯಾರಿ

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬೇಕು. ರಸ್ತೆ ಬದಿಯ ಇನ್ನೂರು ರೂಪಾಯಿಯದ್ದನ್ನು ಒಳಗೆ ಬಿಡೋದಿಲ್ಲ. ತೋಳು ಪೂರ್ತಿ ಇರುವ ಹತ್ತಿ ಅಂಗಿ, ಪ್ಯಾಂಟ್, ತೆಳು ಅಡಿಯ ಶೂ. ಚಪ್ಪಲಿ ನಡೆಯೋದಿಲ್ಲ. ಇಳಕಲ್ಲಿನಿಂದ ಕೊಯಮತ್ತೂರಿಗೆ ಸುಮಾರು ಎಂಟುನೂರು ಕಿಲೋಮೀಟರ್. ಹೊಸಪೇಟೆ, ಚಿತ್ರದುರ್ಗ, ಬೆಂಗಳೂರು, ಸೇಲಂ ದಾಟಬೇಕು. ರಾತ್ರಿ ಪೂರ್ತಿ ಓಡಿಸಿಕೊಂಡು ಹೋಗಿ ಬೆಳಿಗ್ಗೆ ಟ್ರ್ಯಾಕಿಗೆ ಇಳಿಯೋದು ದಡ್ಡತನ. ಒಂದು ದಿನ ಮೊದಲೇ ಹೋಗಿ ಮಲಗಿ.

ಶುರುವಾಗೋ ಮುಂಚೆ ಬಾವುಟದ ಪಾಠ ಹೇಳ್ತಾರೆ. ಹಳದಿ ಅಂದ್ರೆ ಮುಂದೆ ಅಪಾಯ, ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಅಂದ್ರೆ ಓಟ ನಿಲ್ಲಿಸಿದ್ದಾರೆ. ನೀಲಿ ಅಂದ್ರೆ ಹಿಂದೆ ಜೋರಿನವನು ಬಂದಿದ್ದಾನೆ, ಬಿಟ್ಟುಕೊಡು. ನೀಲಿ ಕಂಡಾಗ ನಮ್ಮ ಹುಡುಗರಿಗೆ ಬಿಟ್ಟುಕೊಡೋಕೆ ಮನಸ್ಸು ಬರಲ್ಲ, ಅದೇ ಕಷ್ಟ. ಸ್ಟೆಬಿಲಿಟಿ ಕಂಟ್ರೋಲ್ ಇದ್ದರೆ ಆಫ್ ಮಾಡಬೇಡಿ.

ಕೊನೆಯ ಒಂದು ಸುತ್ತು ಬ್ರೇಕ್ ಮುಟ್ಟದಂಗೆ ನಿಧಾನ ಓಡಿಸಿ ಆರಿಸಬೇಕು. ಒಳಗೆ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೀಬೇಡಿ. ಕಾದ ಬ್ರೇಕ್ ಬಿಗಿ ಹಿಡಿದು ನಿಂತರೆ ಅಂಟಿಕೊಳ್ಳಬಹುದು, ಡ್ರಮ್ ಡೊಂಕಾಗಬಹುದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಇಡಿ, ನಮ್ಮ ಲಾರಿಯವರು ಇಡ್ತಾರಲ್ಲ ಹಂಗ.

ಇನ್ಶೂರೆನ್ಸ್ ಇದಕ್ಕ ಇಲ್ಲ

ಇದನ್ನು ಮನೆಯ ಹಿರಿಯರು ಓದಬೇಕು. ನಿಮ್ಮ ಕಾರಿನ ಪಾಲಿಸಿ ಪತ್ರದಲ್ಲಿ ಗಾಡಿ ಯಾವುದಕ್ಕೆ ಬಳಸಬಾರದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಾಡಿಗೆ, ಸರಕು ಸಾಗಣೆ ಜೊತೆಗೆ ಆಯೋಜಿಸಿದ ರೇಸ್, ವೇಗ ಪರೀಕ್ಷೆ ಅಂತಲೂ ಇದೆ. ಟ್ರ್ಯಾಕಿನಲ್ಲಿ ಆದ ನಷ್ಟಕ್ಕೆ ಕ್ಲೇಮ್ ಸಿಗುತ್ತದೆ ಅಂತ ನಂಬಬೇಡಿ. ಒಳಗೆ ಹೋಗುವ ಮುಂಚೆ ಜವಾಬ್ದಾರಿ ನಮ್ಮದೇ ಅಂತ ಸಹಿಯನ್ನೂ ಮಾಡಿಸಿಕೊಳ್ಳುತ್ತಾರೆ. ಬ್ಯಾಂಕ್ ಸಾಲದ ಕಾರಾದರೆ ಎರಡು ಸಲ ಯೋಚಿಸಿ.

ರಸ್ತೆಯಲ್ಲೇ ರೇಸ್ ಮಾಡಿದರೆ? ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡನೇ ಸಲಕ್ಕೆ ಒಂದು ವರ್ಷದವರೆಗೆ ಅಥವಾ 10,000. ಸ್ಟೇರಿಂಗ್ ಹಿಡಿದವನಿಗೆ ಹದಿನೆಂಟು ತುಂಬಿರದಿದ್ದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನ ಕೈಗೆ ಕೀಲಿ ಕೊಟ್ಟು ಅಂಗಡಿಯಲ್ಲಿ ಕೂತವರು ಇದನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಗೆ ಅಂಟಿಸಿಕೊಳ್ಳಬಹುದು.

ಗೆಳೆಯ ಎರಡನೇ ಸಲ ಹೋದಾಗ ರೆಕ್ಕೆ ತೆಗೆದಿದ್ದ, ಕಂಪನಿ ಸೈಲೆನ್ಸರ್ ವಾಪಸ್ ಹಾಕಿಸಿದ್ದ. ಹೊಸ ಬ್ರೇಕ್ ಆಯಿಲ್, ಹೊಸ ಮುಂದಿನ ಪ್ಯಾಡ್, ಒಂದು ಜೊತೆ ಹಳೆ ಪ್ಯಾಡ್ ಡಿಕ್ಕಿಯಲ್ಲಿ. ಎಂಟುನೂರು ಕಿಲೋಮೀಟರ್ ಅದೇ ಕಾರಿನಲ್ಲಿ ಮನೆಗೆ ಬರಬೇಕಲ್ಲ. ದಿನಪೂರ್ತಿ ಓಡಿಸಿದ, ಪೆಡಲ್ ಕೊನೆವರೆಗೂ ಬೆಳಗಿನಂಗೇ ಇತ್ತು. ಅವನಿಗಿಂತ ಸಣ್ಣ ಎಂಜಿನ್ ಸ್ವಿಫ್ಟಿನ ಕೊಯಮತ್ತೂರಿನ ಮೇಡಂ ಒಬ್ಬರು ಅವನನ್ನು ಮೂರು ಸಲ ದಾಟಿ ಹೋದರು. ಆ ವಿಷಯ ಇಳಕಲ್ಲಿನಲ್ಲಿ ಹೇಳಬೇಡ ಅಂದಿದ್ದ.

ಗ್ಯಾರೇಜ್ ಕಾಕಾ ಈಗ ಬ್ರೇಕ್ ಆಯಿಲನ್ನು ಸೀಲ್ ಇರುವ ಅರ್ಧ ಲೀಟರಿನ ಸಣ್ಣ ಡಬ್ಬಿಯಲ್ಲೇ ತರಿಸುತ್ತಾರೆ. ಮೊದಲು ಒಂದು ದೊಡ್ಡ ಡಬ್ಬಿ ಒಡೆದು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಎಲ್ಲಾ ಗಾಡಿಗೂ ಹಾಕ್ತಿದ್ರು. ಮುಚ್ಚಳ ತೆಗೆದ ದಿನದಿಂದಲೇ ಅದು ನೀರು ಕುಡಿಯೋಕೆ ಶುರು. ಹಂಗ ಒಡೆದ ಡಬ್ಬಿ ನಿಮ್ಮ ಶೆಡ್ಡಿನಲ್ಲೂ ಇದ್ದರೆ, ಅದನ್ನು ಕಾರಿಗೆ ಹಾಕಬೇಡಿ, ಬೈಕಿನ ಡಿಸ್ಕ್ ಬ್ರೇಕಿಗೂ ಬೇಡ.